ಉಪದೇಶಿಗಳ ಗಂಟೆ

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ತಿಪಟೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ನಾನು; ದೆವ್ವದ ಮಾತೆತ್ತಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಹಾಗಾಗಿ ಮೂರು ವರ್ಷದ ಹಿಂದೆ ನಡೆದದ್ದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ನಗುವವರು ನಗಲಿ.

ಹೊನ್ನವಳ್ಳಿ ರಸ್ತೆಯಲ್ಲಿ, ತೆಂಗಿನ ತೋಟಕ್ಕೆ ಅಂಟಿಕೊಂಡು, ಒಂದು ಸಣ್ಣ ಮೆಥಡಿಸ್ಟ್ ಚರ್ಚಿದೆ. ಅದರ ಚರಿತ್ರೆ ಬರೆದುಕೊಡಿ ಎಂದು ಅಲ್ಲಿನ ಪಾಸ್ಟರು ಕೇಳಿದ್ದರು. ಎರಡನೇ ಮಹಾಯುದ್ಧದ ಅಧ್ಯಾಯದಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಆಗ, ಫಿರಂಗಿ ಎರಕ ಹೊಯ್ಯಲು ಸರ್ಕಾರದವರು ಊರಿನ ಕಂಚು, ಹಿತ್ತಾಳೆಯನ್ನೆಲ್ಲ ಒಯ್ಯುತ್ತಾರೆಂದು ಗಾಳಿಸುದ್ದಿ ಹಬ್ಬಿತ್ತಂತೆ. ಅದೇ ವಾರ ಚರ್ಚಿನ ಕಂಚಿನ ಗಂಟೆ ಮಾಯವಾಯಿತು. ಆಗ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದ ಉಪದೇಶಿಗಳು ಯಾರಿಗೂ ಏನೂ ಹೇಳದೆ ಜ್ವರದಲ್ಲಿ ತೀರಿಕೊಂಡರು. ಅವರೇ ಮಾರಿಕೊಂಡರೆಂದು ಊರು ಮಾತಾಡಿತು. ನಾನೂ ಹಾಗೇ ಬರೆದೆ.

ಒಂದು ಶನಿವಾರ ಮಧ್ಯಾಹ್ನ ಕರಡನ್ನು ಚರ್ಚಿನಲ್ಲೇ ಓದಿದೆ. ಕೇಳಲು ಇದ್ದವರು ಪಾಸ್ಟರು, ಪಕ್ಕದ ತೋಟದ ತಿಮ್ಮೇಗೌಡರು, ಮತ್ತು ಆ ಉಪದೇಶಿಗಳ ಮೊಮ್ಮಗಳು, ಎಪ್ಪತ್ತು ದಾಟಿದ ಸುಂದರಮ್ಮ. "ಗಂಟೆಯನ್ನು ಉಪದೇಶಿಗಳೇ ಮಾರಿಕೊಂಡರು" ಎಂದು ಓದಿದ್ದೇ ತಡ, ಹೊರಗೆಲ್ಲೋ ಢಣ್ ಎಂದಿತು.

ಎಲ್ಲರೂ ತಂತಮ್ಮ ಫೋನು ತೆಗೆದು ನೋಡಿಕೊಂಡರು. "ನಿಮ್ಮ ಹಸುವಿನ ಕೊರಳಿನದೇ?" ಎಂದು ಗೌಡರನ್ನು ಕೇಳಿದೆ.

"ಹಸ ಮಾರಿ ಎಲ್ಡು ವರ್ಸ ಆಯ್ತು ಕಣ್ರೀ ಮೇಷ್ಟ್ರೇ. ಈಗಿರೋದು ಟ್ರ್ಯಾಕ್ಟ್ರು" ಎಂದರು.

ಮತ್ತೆ ಓದಿದೆ. ಮತ್ತೆ ಢಣ್. ಹಿಂದಿನ ಸಾಲು ಓದಿದೆ, ಮುಂದಿನದನ್ನು ಓದಿದೆ, ಸದ್ದಿಲ್ಲ. ಪಾಸ್ಟರು ಹಾಳೆ ಕಿತ್ತುಕೊಂಡು ಅದೇ ಸಾಲನ್ನು ಭಾನುವಾರದ ಪ್ರಸಂಗದ ದನಿಯಲ್ಲಿ ಓದಿದರು. ಢಣ್ ಢಣ್! ಹಾಳೆ ಬಿಸಿ ರೊಟ್ಟಿಯಂತೆ ನನ್ನ ಕೈಗೆ ವಾಪಸು ಬಂತು.

ಸುಂದರಮ್ಮನ ಕಣ್ಣು ತುಂಬಿತ್ತು. "ನಮ್ ತಾತ ಕಳ್ಳ ಅಲ್ಲ ಕಣ್ರೀ. ನನ್ನ ಹೆಣ್ ಕೇಳೋಕೆ ಬಂದೋರು ಇದೇ ಮಾತಾಡ್ಕೊಂಡು ಎದ್ದೋಗಿದ್ರು. ಹೊಡೆದಾಕಿ ಆ ಸಾಲ್ನ" ಎಂದರು.

ಹೊಡೆದು ಹಾಕಿದೆ. "ಕಾಪಾಡಲೆಂದು ಎಲ್ಲೋ ಅಡಗಿಸಿಟ್ಟರು" ಎಂದು ಬರೆದು, ಬಾಗಿಲ ಕಡೆ ಒಂದು ಕಣ್ಣಿಟ್ಟು ಮೆಲ್ಲಗೆ ಓದಿದೆ. ತೆಂಗಿನ ಗರಿ ಅಲುಗಿದ್ದಷ್ಟೇ ಕೇಳಿಸಿತು.

ತಿಮ್ಮೇಗೌಡರು ಅಷ್ಟಕ್ಕೇ ಬಿಡಲಿಲ್ಲ. ಸದ್ದು ಬಂದದ್ದು ತಮ್ಮ ತೋಟದಿಂದಲೇ ಎಂದು ಮೂರು ಕಡೆ ಎದೆಮಟ್ಟ ಗುಂಡಿ ತೋಡಿಸಿದರು. ಗಂಟೆ ಸಿಗಲಿಲ್ಲ. "ಹೋಗ್ಲಿ ಬುಡಿ" ಎಂದು ಅರ್ಧ ಮಣ್ಣು ಮುಚ್ಚಿ, ಮೂರರಲ್ಲೂ ತೆಂಗಿನ ಸಸಿ ನೆಟ್ಟರು.

ಪುಸ್ತಕ ಬಿಡುಗಡೆಯ ದಿನ ಸುಂದರಮ್ಮ ಆ ಪುಟವನ್ನು ಎದ್ದು ನಿಂತು ಜೋರಾಗಿ ಓದಿದರು. ಆಮೇಲೆ ಎಲ್ಲರಿಗೂ ಕಜ್ಜಾಯ ಹಂಚಿದರು.

ಚರಿತ್ರೆ ಬರೆಯುವವನಿಗೆ ಆಧಾರ ಬೇಕು. ಆ ಒಂದು ಸಾಲಿಗೆ ನನ್ನ ಬಳಿ ಇರುವ ಆಧಾರ ಬರೀ ಸದ್ದು. ಅದು ಎಲ್ಲಿಂದ ಬಂತೋ ಇಂದಿಗೂ ತಿಳಿಯದು. ಹಳೆಯ ಕರಡನ್ನು ತೆಗೆದು ಇನ್ನೊಮ್ಮೆ ಓದಿ ನೋಡಬಹುದು. ಆದರೆ ಮನೆಯಲ್ಲಿ ಒಬ್ಬನೇ ಇದ್ದಾಗ ಧೈರ್ಯ ಬರುವುದಿಲ್ಲ. ಹೆಂಡತಿ ಇದ್ದಾಗ ಅವಳು ಬಿಡುವುದಿಲ್ಲ.