ನಮ್ಮೂರ ಕಣದಲ್ಲಿ ಲೆವಿಯವಳಾದ ನನ್ನ ಮೊಮ್ಮಗಳು

ನನ್ನ ಮಗಳ ಮಗಳು ಎಂ.ಎ. ಪಾಸಾದಳು. ಹಾಸನದ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾಯಿತು, ಸಿಗದವರನ್ನು ಹುಡುಕಿಕೊಂಡು ಹೋಗಿ ಹೇಳಿದ್ದಾಯಿತು, ಇನ್ನೂ ಹೊಟ್ಟೆ ತುಂಬಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಕೈ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅವಳನ್ನು ನಮ್ಮೂರು ಹೇಗೆ ಬೈದು ಅಟ್ಟಿತು ಅನ್ನುವುದನ್ನು ಈಗ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ. ಉರಿದುಕೊಳ್ಳುವವರು ಉರಿದುಕೊಳ್ಳಲಿ.

ನಮ್ಮದು ಸಾಲಗಾಮೆ ಕಡೆಯ ಊರು. ಅವಳು ಓದುತ್ತಿದ್ದದ್ದು ಮೈಸೂರಿನಲ್ಲಿ. ಕೊನೆಯ ವರ್ಷ ದೊಡ್ಡ ಪ್ರಬಂಧ ಬರೆಯಬೇಕು, ಅದಕ್ಕೆ ಮೊದಲು ಸಂಶೋಧನೆ ಮಾಡುವ ಕ್ರಮ ಕಲಿಯಬೇಕು. "ಒಂದು ಹಳ್ಳಿಗೆ ಹೋಗು. ಬೆಳೆದದ್ದು ಯಾರ್ಯಾರ ಪಾಲಾಗುತ್ತೆ ಅಂತ ಜನರ ಬಾಯಿಂದಲೇ ಕೇಳಿಕೊಂಡು ಬಾ. ಬರಿಗೈಲಿ ಬಂದರೆ ಪ್ರಬಂಧಕ್ಕೆ ನನ್ನ ಒಪ್ಪಿಗೆ ಇಲ್ಲ" ಅಂದಿದ್ದರಂತೆ ಅವಳ ಮೇಷ್ಟ್ರು. ಇತ್ತ ಚನ್ನರಾಯಪಟ್ಟಣದಲ್ಲಿ ನನ್ನ ಅಳಿಯ, ಅಂದರೆ ಅವಳಪ್ಪ, ಅರಕಲಗೂಡಿನ ಒಂದು ಗಂಡು ನೋಡಿಟ್ಟು ಕಾಯುತ್ತಿದ್ದ. ಪ್ರಬಂಧ ನಿಂತರೆ ಓದು ನಿಂತಿತು, ಮಾರನೇ ದಿನವೇ ಹಸೆಮಣೆ.

ಸಂಕ್ರಾಂತಿ ಕಳೆದು ರಾಗಿ ಕಣ ನಡೆಯುತ್ತಿದ್ದ ಕಾಲ. ಬಸ್ಸಿಳಿದವಳು ಮನೆಗೂ ಬರದೆ ಸೀದಾ ರಸ್ತೆ ಪಕ್ಕದ ಕಣಕ್ಕೆ ನುಗ್ಗಿದಳು. ಅದು ನನ್ನ ದೊಡ್ಡಪ್ಪನ ಮಗನ ಕಣ. ಬದುವಿನ ಜಗಳದಿಂದಾಗಿ ಅವನಿಗೂ ನನಗೂ ಮುಖ ಕಂಡರೆ ಆಗದು. ರಾಶಿ ಪೂಜೆ ಮುಗಿದು, ಒಂದು ಅನ್ನುವ ಬದಲು 'ಲಾಭ' ಅಂತ ಕೂಗಿ ಮೊದಲ ಕೊಳಗ ಅಳೆಯುವ ಹೊತ್ತು. ಆಗ ಯಾರೂ ಮಾತಾಡಬಾರದು, ಮೆಟ್ಟು ಮೆಟ್ಟಿಕೊಂಡು ಒಳಗೆ ಬರಬಾರದು, ಎಷ್ಟಾಯಿತು ಅಂತ ಕೇಳಲೇಬಾರದು. ಇವಳು ಮೂರನ್ನೂ ಒಟ್ಟಿಗೇ ಮಾಡಿದಳು. ಕೈಲಿ ಪ್ರಶ್ನೆಯ ಹಾಳೆ ಬೇರೆ. "ಈ ವರ್ಷ ಎಷ್ಟು ರಾಗಿ ಬಂತು, ದೊಡ್ಡ ತಾತ?"

ಸರ್ಕಾರದವರು ಲೆವಿ ಅಂತ ಜೀಪಿನಲ್ಲಿ ಬಂದು ಮನೆಮನೆಯ ಕಾಳು ಎತ್ತುತ್ತಿದ್ದ ಕಾಲ ಅದು. ಅವರು ಮೊದಲು ಕೇಳುತ್ತಿದ್ದದ್ದೂ ಇದೇ ಮಾತು.

"ಯಾವಳಮ್ಮಿ ನೀನು! ಮೆಟ್ ಆಕ್ಕಂಡು ಕಣಕ್ ಬತ್ತೀಯ! ಲೆವಿಯೋರು ಈಗ ಎಣ್ಣೈಕ್ಳನ್ನ ಕಳ್ಸಕ್ ಸುರು ಮಾಡವ್ರೆ ಕಣ್ರಲಾ!"

"ಇಲ್ಲ ತಾತ, ನಾನು ನಿಮ್ಮ ತಮ್ಮನ ಮೊಮ್ಮಗಳು..."

"ಅಂಗಾದ್ರೆ ಅವನೇ ಕಳ್ಸವ್ನೆ!" ಅಂದವನೇ ಮೊರದಲ್ಲಿದ್ದ ಹೊಟ್ಟನ್ನು ಅವಳ ತಲೆಯ ಮೇಲೆ ಸುರಿದ.

ಕೂದಲೆಲ್ಲ ಹೊಟ್ಟು ಮಾಡಿಕೊಂಡು ಮನೆಗೆ ಬಂದಳು. ನಾನು ದೊಣ್ಣೆ ಹುಡುಕಿದೆ, ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಸಂಜೆಯೊಳಗೆ ಊರೇ ಒಂದಾಗಿತ್ತು. ಇವಳು ಕಾಲಿಟ್ಟ ಕಡೆಯೆಲ್ಲ ರಾಶಿ ಕಾಣದ ಹಾಗೆ ಮೇಲೆ ಹುಲ್ಲು ಬಿತ್ತು. "ಏನೂ ಬೆಳ್ದಿಲ್ಲ ಕಣವ್ವ, ಗುಬ್ಬಿಗೂ ಸಾಲ್ದು" ಅಂದ ಒಬ್ಬ. ಇನ್ನೊಬ್ಬ ನಾಯಿಯ ಹಗ್ಗ ಬಿಚ್ಚಿದ. "ಅರಕಲಗೂಡ್ಗೆ ಓಗಿ ಮುದ್ದೆ ತಿರುವಮ್ಮಿ, ಇದೆಲ್ಲ ಯಾಕೆ?" ಅಂತ ಹೆಂಗಸರೂ ನಕ್ಕರು.

ಜಗಲಿಯ ಮೇಲೆ ಪೆನ್ಸಿಲು ಕಚ್ಚುತ್ತಾ ಕೂತವಳನ್ನು ನೋಡಲಾಗದೆ, "ನಾನೇ ಏಳ್ತೀನಿ, ಬರ್ಕೊ. ಊರಿನ್ ಬಂಡವಾಳ್ವೆಲ್ಲ ನಂಗೊತ್ತು" ಅಂದೆ.

"ನೀನು ಹೇಳಿದ್ರೆ ಅದು ನಿನ್ನ ಜಗಳ ಆಗುತ್ತೆ ತಾತ. ಸಂಶೋಧನೆ ಆಗಲ್ಲ."

ಮೈಯೆಲ್ಲ ಉರಿಯಿತು. ಆಮೇಲೆ, ಎಂಥ ಮೊಮ್ಮಗಳಪ್ಪ ಅನ್ನಿಸಿತು.

ಪ್ರಶ್ನೆಯ ಹಾಳೆ ಬಿಚ್ಚಿಕೊಂಡು ಅವಳೇ ಕೇಳಿದಳು. "ಎಷ್ಟು ಬಂತು ಅಂದ್ರೆ ಬಾಯಿ ಹೊಲ್ಕೊಳ್ತಾರೆ. ಎಷ್ಟು ಕೊಟ್ರಿ ಅಂದ್ರೆ?"

"ಅದನ್ನ ಕೇಳ್ದಿದ್ರೂ ಏಳ್ತಾರೆ ಕಣವ್ವ!"

ಹಾಳೆಯ ಮೊದಲ ಪ್ರಶ್ನೆಗೆ ಅಡ್ಡಗೀಟು ಎಳೆದು ಎದ್ದಳು. ಮಾರನೇ ಬೆಳಿಗ್ಗೆ ಮತ್ತೆ ಅದೇ ಕಣಕ್ಕೆ ಹೋದಳು, ಹಿಂದೆ ನಾನು. ವರ್ಷವೆಲ್ಲ ಊರಿನ ಕೆಲಸ ಮಾಡಿದ ಕಮ್ಮಾರ, ಬಟ್ಟೆ ಒಗೆಯುವಾಕೆ, ಎಲ್ಲ ತಮ್ಮ ಪಾಲಿಗೆ ಬಂದು ನಿಂತಿದ್ದರು. ಇವಳು ಮೆಟ್ಟು ದೂರ ಬಿಟ್ಟು ಕಣದ ಅಂಚಿನಲ್ಲೇ ನಿಂತು ಕೇಳಿದಳು. "ಯಾರ್ಯಾರಿಗೆ ಕೊಟ್ರಿ, ದೊಡ್ಡ ತಾತ?"

"ಮತ್ ಬಂದ್ಯಾ?" ಅಂತ ಕಣ್ಣು ಕೆಂಪಗೆ ಮಾಡಿದ. ಆದರೆ ನಾಲಿಗೆ ತಡೆಯಬೇಕಲ್ಲ! "ಬರ್ಕೊ. ಕಮ್ಮಾರಂಗೆ ತುಂಬಿದ್ ಕೊಳಗ ಕೊಟ್ಟೆ. ಈವಮ್ಮಂಗೆ ಎರಡು ಮೊರ."

"ಯಾವ್ ಕಾಲ್ದಲ್ ಕೊಟ್ರಿ ಗೌಡ್ರೆ?" ಬಟ್ಟೆ ಒಗೆಯುವಾಕೆ ಮೊರ ಎತ್ತಿ ತೋರಿಸಿದಳು. "ಒಂದ್ ಮೊರ, ಅದ್ರಲ್ಲೂ ಕಣದ್ ಮಣ್ಣೇ ಜಾಸ್ತಿ!"

"ನಂದು ತಲೆ ಸವರಿದ್ ಕೊಳಗ" ಅಂದ ಕಮ್ಮಾರ.

"ಸುಳ್ ಬೊಗುಳ್ಬೇಡ್ರಲಾ!"

ಗಲಾಟೆ ಕೇಳಿ ಪಕ್ಕದ ಕಣದವನು ಓಡಿ ಬಂದ. "ಇವನೇನ್ ಕೊಟ್ಟಾನು! ನಾನ್ ಕೊಟ್ಟಿರಾದು ಬರ್ಕೊ ಕೂಸೆ!" ಅವನ ಹಿಂದೆ ಅವನಿಂದ ಇಸಕೊಂಡವರು. ನಾಯಿ ಬಿಟ್ಟವನೂ ಸಂಜೆ ನಮ್ಮ ಜಗಲಿಗೇ ಬಂದು ತಾನು ಕೊಟ್ಟದ್ದನ್ನು ಬರೆದುಕೊ ಅಂತ ಕಿರುಚಿದ. ಅವಳು ಕೊಟ್ಟವರ ಬಾಯಿಂದ ಒಂದು ಸಲ, ತಗೊಂಡವರ ಬಾಯಿಂದ ಇನ್ನೊಂದು ಸಲ ಕೇಳಿ, ಎರಡನ್ನೂ ಬೇರೆ ಬೇರೆ ಬರೆದುಕೊಂಡಳು. ಯಾರ ಪರವಾಗಿಯೂ ಒಂದು ಮಾತಾಡಲಿಲ್ಲ, ನನ್ನ ಪರವಾಗಿಯೂ.

ಮೇಷ್ಟ್ರು ಒಪ್ಪಿದರು, ಅದನ್ನೇ ಇಟ್ಟುಕೊಂಡು ಅವಳು ಪ್ರಬಂಧ ಬರೆದಳು. ಅಳಿಯ ಅರಕಲಗೂಡಿಗೆ, ಈಗ ಆಗುವುದಿಲ್ಲ ಅಂತ ಹೇಳಿ ಕಳಿಸಿದ.

ಪಾಸಾದ ಸುದ್ದಿ ಬಂದ ದಿನ ಪೇಡದ ಪೊಟ್ಟಣ ಹಿಡಿದು ಎಲ್ಲಕ್ಕಿಂತ ಮೊದಲು ದೊಡ್ಡಪ್ಪನ ಮಗನ ಬಾಗಿಲಿಗೇ ಹೋದೆ. ಪ್ರೀತಿಯಿಂದೇನಲ್ಲ, ಅವನ ಮುಖ ನೋಡಬೇಕಿತ್ತು.

"ನಾನ್ ಕೊಟ್ಟಿದ್ದು ಬುಕ್ನಲ್ ಬಂದದೇನ್ಲಾ?" ಅಂದ.

"ಬಂದದೆ. ಅವ್ರು ಇಸ್ಕಂಡಿದ್ದೂ ಬಂದದೆ."

ಪೊಟ್ಟಣ ಕಿತ್ತುಕೊಂಡು ದಡಾರನೆ ಬಾಗಿಲು ಹಾಕಿದ.