ಎಂಟು ದಾರಿಯ ಶಬ್ದ, ಅತ್ತೆಯ ಒಂದೇ ಕಿವಿ

ನಮ್ಮ ಎದುರುಮನೆಯಾಕೆಯನ್ನು ಇಡೀ ಕಟ್ಟಡ ಹಲ್ಲಕ್ಕ ಎಂದೇ ಕರೆಯುತ್ತದೆ. ಆಕೆಯ ಹಲ್ಲಿನಲ್ಲಿ ವಿಶೇಷವೇನಿಲ್ಲ, ಕೆಲಸ ಮಾತ್ರ ಹಲ್ಲಿನದು. ಮೂರು ಬೀದಿ ಆಚೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದಾಳೆ. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುವ ಕೆಲಸ ಅದು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡವರು ಪ್ರತಿ ತುತ್ತಿಗೂ ಶಪಿಸುತ್ತಾರೆ. ಅದಕ್ಕೇ ಯಾವುದನ್ನೂ ಸುಮಾರಾಗಿದೆ ಎಂದು ಬಿಟ್ಟು ಏಳುವುದು ಆಕೆಯ ಜಾಯಮಾನದಲ್ಲೇ ಇಲ್ಲ. ನಾನು ಟೇಲರ್. ಒಂದು ಹೊಲಿಗೆ ಸೊಟ್ಟಗಾದರೆ ನನಗೂ ಊಟ ಸೇರುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೆ ಬಹಳ ಬೇಗ ಹೊಂದಿಕೆಯಾಯಿತು.

ಹಲ್ಲಕ್ಕನ ಹುಚ್ಚು ಎಂದರೆ ಸಿನಿಮಾ ಡಿಸ್ಕು. ಹಿಂದೆ ನಮ್ಮ ಬೀದಿ ಮೂಲೆಯಲ್ಲಿ ಡಿಸ್ಕ್ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅದು ಬಾಗಿಲು ಹಾಕಿದ ದಿನ ಆಕೆ ಹೈ ಡೆಫಿನಿಷನ್ ಡಿಸ್ಕುಗಳನ್ನೆಲ್ಲ ಕಪಾಟಿನ ಸಮೇತ ಮನೆಗೆ ಸಾಗಿಸಿಕೊಂಡು ಬಂದಳು. ಒಟ್ಟು ಇನ್ನೂರ ಹನ್ನೆರಡು. ಆಕೆಯ ಗಂಡ ಸಿಟಿ ಬಸ್ಸಿನ ಡ್ರೈವರು. ಕಪಾಟು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಾಗ, ಎಂಥೆಂಥ ಸಂದಿಯಲ್ಲೋ ಬಸ್ಸು ತಿರುಗಿಸಿದ್ದೇನೆ, ಇದೊಂದು ನನ್ನ ಕೈಲಾಗುವುದಿಲ್ಲ ಎಂದು ಒಪ್ಪಿಕೊಂಡರು. ಕೊನೆಗೆ ಕಪಾಟಿನ ಕಾಲು ಕೊಯ್ದು ಒಳಗೆ ತಂದರು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವರ ನಡುಮನೆಯಲ್ಲಿ ಸಿನಿಮಾ, ನಾವೆಲ್ಲ ಪ್ರೇಕ್ಷಕರು.

ಆ ಮನೆಯಲ್ಲಿ ಮೂರನೆಯವರು ಡ್ರೈವರ ತಾಯಿ. ಹಲ್ಲಕ್ಕ ಅತ್ತೆ ಎನ್ನುವುದನ್ನು ಕೇಳಿ ಕೇಳಿ ನಮಗೆಲ್ಲರಿಗೂ ಅವರು ಅತ್ತೆಯೇ ಆಗಿದ್ದಾರೆ. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ನಿಂತು ದುಡಿದವರು. ಆ ಗದ್ದಲಕ್ಕೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯೂ ಅರ್ಧಂಬರ್ಧ. ಆದರೆ ಅವರ ಪ್ರಕಾರ ಕಿವಿಗೇನೂ ಆಗಿಲ್ಲ, ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಸೋಮಾರಿತನ, ಅಷ್ಟೇ. ಕಿವಿಗೆ ಮಿಷನ್ ಹಾಕಿಸೋಣ ಎಂದವರಿಗೆಲ್ಲ ಒಂದು ವಾರ ಮಾತು ಬಂದ್. ಗಿರಣಿಯಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದುದರಿಂದ ಮನೆಯಲ್ಲೂ ಅವರು ತುಟಿ ನೋಡಿ ಪಟಪಟ ಉತ್ತರ ಕೊಡುತ್ತಿದ್ದರು. ಅವರಿಗೆ ಎಷ್ಟು ಕೇಳಿಸುತ್ತದೆ, ಎಷ್ಟು ಕೇಳಿಸುವುದಿಲ್ಲ ಎಂಬುದು ಹೆತ್ತ ಮಗನಿಗೂ ಗೊತ್ತಿರಲಿಲ್ಲ.

ಭಾನುವಾರ ನೋಡಿದ ಸಿನಿಮಾವನ್ನು ಸೋಮವಾರ ಮೆಟ್ಟಿಲ ಮೇಲೆ ಕೂತು, ನೋಡದವರಿಗೆ ಹೇಳುವುದು ಅತ್ತೆಯ ಪದ್ಧತಿ. ಅವರು ಹೇಳುವ ಕಥೆ ಸಿನಿಮಾಕ್ಕಿಂತ ರುಚಿಯಾಗಿರುತ್ತಿತ್ತು. ನಾವು ನೋಡಿದ ಕಥೆಗೂ ಅದಕ್ಕೂ ಅಜಗಜಾಂತರವಿದ್ದರೂ, ಬೇಕೆಂದೇ ಉಪ್ಪುಖಾರ ಹಚ್ಚುತ್ತಾರೆ ಎಂದುಕೊಂಡು ನಾವು ಕೇಳುತ್ತಿದ್ದೆವು.

ಕಳೆದ ವರ್ಷ ಡಿಸ್ಕುಗಳು ಒಂದೊಂದೇ ಕೈಕೊಡಲು ಶುರುಮಾಡಿದವು. ಅಂಚಿನಲ್ಲಿ ಕಂದು ಕಲೆ ಬಿದ್ದು, ಒಂದು ಸಿನಿಮಾ ಮುಗಿಯಲು ಹತ್ತು ನಿಮಿಷವಿದ್ದಾಗ ನಿಂತೇಹೋಯಿತು. ಆ ಸಿನಿಮಾದ ಕಳ್ಳ ಯಾರೆಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಹಲ್ಲಕ್ಕ ಅಂದೇ ತೀರ್ಮಾನಿಸಿದಳು: ಉಳಿದಿದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ ಕಾಪಾಡಬೇಕು. ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುಂಚೆ ಒಂದು ಡಿಸ್ಕು, ಸಂಜೆ ಬಂದು ಬಟ್ಟೆ ಬದಲಿಸುವ ಮುಂಚೆ ಇನ್ನೊಂದು.

ಮೊದಲು ಇಳಿಸಿದ್ದು ದೀಪಸ್ತಂಭದ ಸಿನಿಮಾ. ಕಡಲ ನಡುವಿನ ದೀಪಸ್ತಂಭದಲ್ಲಿ ಒಬ್ಬಳೇ ಇರುವ ಹೆಂಗಸು, ಸೂಟ್‌ಕೇಸ್ ಹಿಡಿದು ದೋಣಿಯಲ್ಲಿ ಬಂದಿಳಿಯುವ ಗಂಡಸು, ಆಮೇಲೆ ಒಂದೂವರೆ ಗಂಟೆ ಬಿರುಗಾಳಿ. ಅತ್ತೆಗೆ ಪ್ರಾಣವಾಗಿದ್ದ ಸಿನಿಮಾ ಅದು. ಕಪಾಟಿನ ಮಿಕ್ಕವುಗಳ ಹಾಗೆ ಅದೂ ಬೇರೆ ಯಾವುದೋ ದೇಶದ್ದು, ಡಬ್ ಮಾಡಿದ್ದು. ಟಿವಿಗೆ ಹಾಕಿದರೆ ಚಿತ್ರವೇನೋ ಕನ್ನಡಿಯ ಹಾಗಿತ್ತು, ಆದರೆ ಶಬ್ದದ ಸುಳಿವೇ ಇಲ್ಲ. ಡಿಸ್ಕಿನಲ್ಲಿದ್ದ ಭಾರೀ ಶಬ್ದದ ಟ್ರ್ಯಾಕು, ಪ್ಲೇಯರಿನ ನೆರವಿಲ್ಲದೆ, ಅವರ ಹಳೆಯ ಟಿವಿಗೆ ಅರ್ಥವಾಗುತ್ತಿರಲಿಲ್ಲ. ಹಲ್ಲಕ್ಕ ಎರಡು ಸ್ಪೀಕರಿಗೆ ಹೊಂದುವ ಹಾಗೆ ಅದನ್ನು ಬದಲಿಸಿ, ಪರೀಕ್ಷಿಸಲು ಪುರುಸೊತ್ತಿಲ್ಲದೆ, ಭಾನುವಾರ ನೇರವಾಗಿ ನಮ್ಮ ಮುಂದೆಯೇ ಹಾಕಿದಳು.

ಗಾಳಿ ಬೀಸಿತು, ಅಲೆ ಅಪ್ಪಳಿಸಿತು, ಪಿಟೀಲು ಅತ್ತಿತು. ಗಂಡಸು ಬಾಯಿ ತೆರೆದ, ಮಾತು ಬರಲಿಲ್ಲ. ಹೆಂಗಸು ಬಾಯಿ ತೆರೆದಳು, ಅವಳದೂ ಅಷ್ಟೇ. ಡ್ರೈವರು ವಾಲ್ಯೂಮ್ ಏರಿಸುತ್ತಾ ಹೋದರು. ಬಿರುಗಾಳಿಗೆ ಕಿಟಕಿಯ ಗಾಜು ನಡುಗಿತೇ ಹೊರತು ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ನಾವು ಮುಖ ಮುಖ ನೋಡಿಕೊಂಡು ನಗು ತಡೆಯುತ್ತಿದ್ದೆವು. ಅತ್ತೆ ಮಾತ್ರ ಟೀ ಲೋಟ ಹಿಡಿದು ಪರದೆಯಲ್ಲೇ ಮುಳುಗಿದ್ದರು.

"ಪಾಪ, ಇಷ್ಟು ಹೊತ್ತಾದ್ರೂ ಸ್ವಂತ ತಮ್ಮನನ್ನ ಗುರುತೇ ಹಿಡೀಲಿಲ್ಲ ನೋಡು ಅವಳು" ಎಂದರು.

ಹಲ್ಲಕ್ಕ ನಿಧಾನವಾಗಿ ಅವರ ಕಡೆ ತಿರುಗಿದಳು. "ಅತ್ತೆ, ಅವರು ಮಾತಾಡೋದು ನಿಮಗೆ ಕೇಳಿಸ್ತಿದ್ಯಾ?"

"ಕೇಳಿಸದೆ ಏನು. ಯಾವಾಗ್ಲೂ ಕೇಳಿಸಿದಷ್ಟೇ ಇವತ್ತೂ ಕೇಳಿಸ್ತಿದೆ."

ಹಲ್ಲಕ್ಕ ಎದ್ದು ಅಡುಗೆಮನೆಗೆ ಹೋದಳು, ಹಿಂದೆಯೇ ನಾನೂ ಹೋದೆ. ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. "ಹನ್ನೊಂದು ವರ್ಷ ಅಕ್ಕಾ" ಎಂದಳು. "ಹನ್ನೊಂದು ವರ್ಷದಿಂದ ಅವರು ಮೂಕಿ ಚಿತ್ರ ನೋಡ್ತಿದ್ದಾರೆ. ನಾವು ಪಕ್ಕದಲ್ಲೇ ಕೂತಿದ್ವಿ." ಡಬ್ ಮಾಡಿದ ಸಿನಿಮಾದವರ ತುಟಿ ಒಂದು ಹೇಳಿದರೆ ಮಾತು ಇನ್ನೊಂದು. ತುಟಿ ಓದುವ ಅತ್ತೆಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ಉಪ್ಪುಖಾರ ಹಚ್ಚಿದ್ದಲ್ಲ, ಇಡೀ ಕಥೆಯನ್ನು ಅವರೇ ಕಟ್ಟಿದ್ದರು.

ಮಾರನೆಯ ದಿನ ಬೆಳಿಗ್ಗೆ ಹಲ್ಲಕ್ಕ ಬಟ್ಟೆ ಕತ್ತರಿಸುವ ನನ್ನ ಮೇಜಿನ ಮೇಲೆ ಎಂಟು ಗುಂಡಿ ಹರಡಿ ನನಗೆ ಪಾಠ ಮಾಡಿದಳು. ಡಿಸ್ಕಿನಲ್ಲಿ ಶಬ್ದ ಎಂಟು ದಾರಿಯಲ್ಲಿ ಬರುತ್ತದಂತೆ. ಎದುರಿಗೆ ಎಡಕ್ಕೊಂದು, ಬಲಕ್ಕೊಂದು. ಪಕ್ಕದಲ್ಲಿ ಎರಡು, ಬೆನ್ನಹಿಂದೆ ಎರಡು. ಗುಡುಗು ಸಿಡಿಲಿಗೆಂದೇ ಒಂದು. ನಟ್ಟನಡುವೆ ಇನ್ನೊಂದು, ಮಾತು ಬರುವುದು ಬಹುಪಾಲು ಅದರಲ್ಲೇ. ಎಂಟನ್ನೂ ಬೆರೆಸಿ ಎರಡು ಮಾಡುವ ಬದಲು, ಆಕೆಯ ತಪ್ಪು ಆಯ್ಕೆಯಿಂದ ಕಂಪ್ಯೂಟರು ಎದುರಿನ ಎರಡನ್ನು ಇಟ್ಟುಕೊಂಡು ಮಿಕ್ಕ ಆರನ್ನೂ ಆಚೆಗೆ ಎಸೆದಿತ್ತು. ಹೇಳುತ್ತಾ ಹೇಳುತ್ತಾ ಆಕೆ ನಡುವಿನ ಗುಂಡಿಯನ್ನು ಎತ್ತಿಕೊಂಡಳು. ಇದನ್ನು ಇಟ್ಟುಕೊಂಡು ಉಳಿದದ್ದರ ಬಾಯಿ ಸ್ವಲ್ಪ ಮುಚ್ಚಿಸಿದರೆ ಅತ್ತೆಗೆ ಕೇಳಿಸಬಹುದಲ್ಲವೇ ಎಂದು ಆಕೆಯ ಮುಖ ಅರಳಿತು. ಆ ಗುಂಡಿಯನ್ನು ಕೈಯಲ್ಲೇ ಹಿಡಿದುಕೊಂಡು ಲ್ಯಾಬಿಗೆ ಓಡಿದಳು. ಅವತ್ತು ನಾನು ಹೊಲಿದ ಅಂಗಿಗೆ ಒಂದು ಗುಂಡಿ ಕಡಿಮೆ ಬಿತ್ತು.

ಮೊದಲ ಸಲ ನಡುವಿನ ದಾರಿಯನ್ನು ಎರಡು ಪಟ್ಟು ಏರಿಸಿದಳು. ಮಾತು ಹಳೇ ಬಟ್ಟೆ ಹರಿದ ಹಾಗೆ ಪರ್ ಎಂದಿತು. ಎರಡನೇ ಸಲ ಮಾತನ್ನು ಮುಟ್ಟದೆ ಮಿಕ್ಕದ್ದನ್ನೆಲ್ಲ ತಗ್ಗಿಸಿ, ಗುಡುಗಿನ ದಾರಿಯನ್ನು ಪೂರ್ತಿ ಕೈಬಿಟ್ಟಳು. ಹರಿಯುವುದು ನಿಂತಿತು. ಆದರೂ ಅತ್ತೆಗೆ ಸ, ತ, ಕ ಥರದ ಸಣ್ಣ ಅಕ್ಷರಗಳು ಜಾರಿಹೋಗುತ್ತಿವೆ ಎಂಬ ಗುಮಾನಿಯಿಂದ ಮೂರನೇ ಸಲ ಆ ಚೂಪಾದ ಶಬ್ದಗಳನ್ನಷ್ಟೇ ಎತ್ತಿದಳು. ನಾಲ್ಕನೇ ಸಲ ಅದನ್ನು ಮತ್ತೆ ಅರೆಪಾಲು ಇಳಿಸಿದಳು, ಥೇಟ್ ಎತ್ತರವಾದ ಹಲ್ಲನ್ನು ಉಜ್ಜುವ ಹಾಗೆ.

ಅತ್ತೆಯನ್ನು ಕೇಳಿ ಪರೀಕ್ಷಿಸುವ ಹಾಗಿರಲಿಲ್ಲ, ಕೇಳಿದರೆ ಒಂದು ವಾರ ಮಾತು ಬಂದ್. ಅದಕ್ಕೆ ಅವರು ಟಿವಿಗೆ ಬೆನ್ನು ಮಾಡಿ ಬಟ್ಟೆ ಮಡಿಸುವ ಹೊತ್ತು ನೋಡಿ ಒಂದೊಂದು ತುಣುಕು ಹಾಕುವುದು, ತಲೆ ತಿರುಗಿಸಿದರೇ ಎಂದು ಡ್ರೈವರು ಪೇಪರಿನ ಮರೆಯಿಂದ ನೋಡುವುದು. ಮೂರು ಸಲವೂ ತಲೆ ಅಲುಗಲಿಲ್ಲ. ನಾಲ್ಕನೆಯ ಸಲ ನಾನೂ ಅಲ್ಲಿದ್ದೆ. ಸಿನಿಮಾದ ಹೆಂಗಸು, ಬಾಗಿಲು ಹಾಕಿ, ಗಾಳಿ ಬರ್ತಿದೆ ಎಂದಳು.

"ಹಾಕ್ತೀನಿ ಇರು, ಕೈಯಲ್ಲಿ ದುಪ್ಪಟಿ ಇದೆ" ಎಂದು ಅತ್ತೆ ಎದ್ದು ಹೋಗಿ ಬಾಲ್ಕನಿಯ ಬಾಗಿಲು ಹಾಕಿ ಬಂದರು.

ಡ್ರೈವರ ಕೈಯಿಂದ ಪೇಪರ್ ಬಿತ್ತು. ಗಂಡ ಹೆಂಡತಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಸೋಫಾಗೂ ಕಪಾಟಿಗೂ ನಡುವಿನ ಮೂರಡಿ ಜಾಗದಲ್ಲಿ ಗಿರಗಿರ ಸುತ್ತಿದರು. ನನ್ನನ್ನೂ ಎಳೆದುಕೊಂಡರು. ನನ್ನ ಕೊರಳಲ್ಲಿದ್ದ ಅಳತೆ ಟೇಪು ಡ್ರೈವರ ಕನ್ನಡಕಕ್ಕೆ ಸುತ್ತಿಕೊಂಡಿತು. ಬಾಗಿಲು ಹಾಕಿದ್ದಕ್ಕೆ ಇಷ್ಟೊಂದು ಸಂಭ್ರಮ ಯಾಕೆಂದು ಅತ್ತೆಗೆ ತಿಳಿಯಲಿಲ್ಲ. ಮೂವರಿಗೂ ಒಮ್ಮೆಲೇ ಏನೋ ಬಡಿದಿದೆ ಎಂದುಕೊಂಡು ಇನ್ನೊಂದು ದುಪ್ಪಟಿ ಎತ್ತಿಕೊಂಡರು.

ಆ ಭಾನುವಾರ ಇಡೀ ಸಿನಿಮಾ ಹಾಕಿದರು. ಇಪ್ಪತ್ತು ನಿಮಿಷಕ್ಕೆ ಗಂಡಸು ಸೂಟ್‌ಕೇಸ್ ತೆರೆದು, ನಾನು ವಿಮಾ ಕಂಪನಿಯಿಂದ ಬಂದಿದ್ದೇನೆ, ದೀಪದ ಪರಿಶೀಲನೆಗೆ ಎಂದ. ಅತ್ತೆ ಲೋಟ ಕೆಳಗಿಟ್ಟರು.

"ಏನಂದ?"

ಹಲ್ಲಕ್ಕ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಇನ್ನೊಮ್ಮೆ ಹಾಕು ಎಂದರು, ಇನ್ನೊಮ್ಮೆ ಹಾಕಿದಳು. ಮೂರು ಸಲ ಕೇಳಿದ ಮೇಲೆ ಅತ್ತೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಭುಜ ಅಲುಗತೊಡಗಿದಾಗ ಅಳುತ್ತಿದ್ದಾರೆ ಎಂದೇ ಅಂದುಕೊಂಡೆ. ನೋಡಿದರೆ ನಗು.

"ತಮ್ಮ ಅಲ್ವಾ ಇವನು? ಓಡಿಹೋದ ತಮ್ಮ ವಾಪಸ್ ಬಂದ ಅಂತ ಹನ್ನೊಂದು ವರ್ಷ ಅತ್ತಿದ್ದೀನಲ್ಲೇ. ಒಬ್ಬ ವಿಮೆಯವನಿಗೋಸ್ಕರ."

ಆ ನಗು ಎಲ್ಲರಿಗೂ ಅಂಟಿಕೊಂಡಿತು. ಡ್ರೈವರು ನಕ್ಕು ನಕ್ಕು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತರು. ಕಣ್ಣೊರೆಸಿಕೊಂಡ ಅತ್ತೆ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಹಲ್ಲಕ್ಕ ಹೆದರುತ್ತಲೇ ಎಲ್ಲವನ್ನೂ ಹೇಳಿದಳು. ಅತ್ತೆ ಸೊಸೆಯ ತುಟಿ ನೋಡುತ್ತಾ ಕೊನೆಯವರೆಗೂ ಕೇಳಿದರು. ಆಮೇಲೆ, ಕಪಾಟಿನಲ್ಲಿರುವುದೆಲ್ಲ ಹೀಗೇ ಆಗಬೇಕು, ಯಾವುದರಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ತನಗೆ ಈಗಲಾದರೂ ತಿಳಿಯಲಿ ಎಂದರು.

ಸೋಮವಾರ ಮೆಟ್ಟಿಲ ಮೇಲೆ ಅವರು ನಿಜವಾದ ಕಥೆ ಹೇಳಿದರು. ಕೇಳಿದವರ ಮುಖ ಬಾಡಿತು. ಕೆಳಮನೆಯ ನರ್ಸಮ್ಮ, ಆ ತಮ್ಮನ ಕಥೆಯೇ ಚೆನ್ನಾಗಿತ್ತು, ವಿಮೆ ಪರಿಶೀಲನೆ ಕಟ್ಟಿಕೊಂಡು ನಮಗೇನಾಗಬೇಕು ಎಂದು ನೇರವಾಗಿ ಹೇಳಿಬಿಟ್ಟಳು. ಇದು ಹಲ್ಲಕ್ಕನ ಕಿವಿಗೆ ಬಿತ್ತು. ಒಂದೇ ಫೈಲಿನಲ್ಲಿ ಎಷ್ಟು ಟ್ರ್ಯಾಕು ಬೇಕಾದರೂ ಕೂರಿಸಬಹುದು ಎಂದು ಅಷ್ಟರಲ್ಲಿ ಆಕೆಗೆ ಗೊತ್ತಾಗಿತ್ತು. ಎಂಟು ದಾರಿಯ ಮೂಲ ಶಬ್ದವನ್ನು ಮುಟ್ಟದೆ ಹಾಗೇ ಇಟ್ಟಿದ್ದಳು, ಮುಂದೆಂದಾದರೂ ಒಳ್ಳೆಯ ಸ್ಪೀಕರು ಬಂದರೆ ಇರಲಿ ಎಂದು. ಎರಡನೆಯದು ಮಾತು ಮುಂದೆ ಮಾಡಿದ್ದು. ಮೂರನೆಯದಕ್ಕೆ ಜಾಗವಿದೆ ಎಂದು ಅತ್ತೆಗೆ ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಹಾಗಾದ್ರೆ ನನ್ನ ಕಥೆ ಹಾಕು."

ರೆಕಾರ್ಡಿಂಗ್ ನಡೆದದ್ದು ಮಲಗುವ ಕೋಣೆಯಲ್ಲಿ, ನಾಲ್ಕು ಕಡೆ ಕಂಬಳಿ ನೇತುಹಾಕಿ. ಹೆಂಗಸರ ಮಾತೆಲ್ಲ ಅತ್ತೆಯದು, ಗಂಡಸರದು ಡ್ರೈವರದು. ಅಕ್ಕನನ್ನು ಕಂಡ ತಮ್ಮನ ಮಾತು ಹೇಳುವಾಗ ಡ್ರೈವರು ನಿಜಕ್ಕೂ ಬಿಕ್ಕಿದರು. ಬಸ್ ಸ್ಟಾಪಿನ ಹೆಸರು ಬಿಟ್ಟರೆ ಮೈಕಿನಲ್ಲಿ ಬೇರೇನೂ ಹೇಳಿದವರಲ್ಲ ಅವರು. ನನ್ನ ಪಾಲಿಗೆ ಬಂದದ್ದು ಮೂರು ಕಡಲಹಕ್ಕಿಯ ಕೂಗು. ಮಾತಿರುವ ಕಡೆ ಬಿರುಗಾಳಿ ತಗ್ಗಿಸಿ, ಇಲ್ಲದ ಕಡೆ ಏರಿಸಿ, ಹಲ್ಲಕ್ಕ ಎಲ್ಲವನ್ನೂ ಬೆರೆಸಿದಳು.

ಹದಿನಾಲ್ಕು ತಿಂಗಳಲ್ಲಿ ಇನ್ನೂರ ಏಳು ಡಿಸ್ಕು ಉಳಿದವು, ಐದು ಕೈಗೆ ಸಿಗಲಿಲ್ಲ. ನಲವತ್ತಕ್ಕೆ ಅತ್ತೆಯ ಟ್ರ್ಯಾಕಿದೆ. ಈಗ ಭಾನುವಾರ ರಿಮೋಟು ಯಾರ ಕೈಯಲ್ಲಿದೆ ಎಂಬುದರ ಮೇಲೆ ವಿಮೆಯವನೋ ತಮ್ಮನೋ ಎಂದು ನಿರ್ಧಾರವಾಗುತ್ತದೆ.

ಕಳೆದ ತಿಂಗಳು ಅತ್ತೆ ತಾವಾಗಿಯೇ ಕಿವಿ ಪರೀಕ್ಷೆಗೆ ಹೋಗಿ ಬಲಗಿವಿಗೆ ಮಿಷನ್ ಹಾಕಿಸಿಕೊಂಡು ಬಂದರು. ಕಿವಿ ಸರಿಯಿಲ್ಲವೆಂದಲ್ಲ, ಮಗ ತಮ್ಮನ ಮಾತನ್ನು ಸರಿಯಾಗಿ ಹೇಳಿದ್ದಾನೋ ಇಲ್ಲವೋ ನೋಡಬೇಕಿತ್ತು ಎಂದರು. ಬಂದವರೇ ಟಿವಿ ಮುಂದೆ ಕೂತರು. ಮಗನದು ಪರವಾಗಿರಲಿಲ್ಲ. ಆದರೆ ತಮ್ಮದೇ ದನಿ ಕೇಳಿ ಬೆಚ್ಚಿಬಿದ್ದರು. ಪ್ರೀತಿಯ ಮಾತು, ಗುಟ್ಟಿನ ಮಾತು, ಸಾಯುವವರ ಕೊನೆಯ ಮಾತು ಎಲ್ಲವನ್ನೂ ಗಿರಣಿಯ ಆ ತುದಿಗೆ ಕೇಳಿಸುವ ಹಾಗೆ ಕೂಗಿ ಹೇಳಿದ್ದರು.

ನಲವತ್ತನ್ನೂ ಮತ್ತೆ ಮಾಡಬೇಕೆಂದು ಅಪ್ಪಣೆಯಾಗಿದೆ. ಹಲ್ಲಕ್ಕ ಮತ್ತೆ ಕಂಬಳಿ ಕಟ್ಟಿದಳು. ಸದ್ಯಕ್ಕೆ ಆರನೆಯದು ನಡೆಯುತ್ತಿದೆ. ಹೋದ ವಾರ ಅತ್ತೆ ನನ್ನನ್ನು ಕರೆದು, ನಿನ್ನ ಕಡಲಹಕ್ಕಿ ಕೋಳಿಯ ಹಾಗಿದೆ, ಸರಿಯಾಗಿ ಕಲಿತು ಬಾ ಎಂದು ಕಳಿಸಿದ್ದಾರೆ. ಹೊಲಿಗೆ ಮಿಷನ್ ತುಳಿಯುತ್ತಾ ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ. ಬಟ್ಟೆ ಕೊಡಲು ಬಂದವರು ಬಾಗಿಲಲ್ಲೇ ನಿಂತು, ಒಳಗೆ ಬರಬಹುದಾ ಎಂದು ಕೇಳುತ್ತಾರೆ.