ಮಗ್ಗದ ಸದ್ದಿಗೆ ಬಸ್ಕಿ

ಇದರಲ್ಲಿ ಕೆಲವು ವಿವರಗಳು ನಾನೇ ಸೇರಿಸಿಕೊಂಡವಿರಬಹುದು. ನನ್ನ ನೆನಪು ಬಲು ಉದಾರಿ. ನಾನು ಹೋಗದ ಕಡೆಯೂ ನನಗೊಂದು ಕುರ್ಚಿ ಹಾಕಿಡುತ್ತದೆ. ಆದರೆ ಕಳೆದ ವಾರ ನಡೆದದ್ದು ಮಾತ್ರ ನಿಜ. ಮಂಡಿನೋವಿಗೆಂದು ದೊಡ್ಡಬಳ್ಳಾಪುರದ ಹೊಸ ಜಿಮ್ಮಿಗೆ ಸೇರಿದ್ದೇನೆ. ಅಬ್ಬರದ ಹಾಡಿಗೆ ಬಸ್ಕಿ ಹೊಡೆಯುತ್ತಿದ್ದೆ, ಕರೆಂಟು ಹೋಯಿತು. ಹಾಡು ನಿಂತಿತು. ನಾನೂ ನಿಂತೆ, ಏಳದೆ, ಕೂರದೆ.

"ಯಾಕಾಂಟಿ? ಕರೆಂಟ್ ಹೋಗಿರೋದು ಹಾಡಿಗೆ, ನಿಮಗಲ್ಲ" ಎಂದ ಟ್ರೈನರ್ ಹುಡುಗ. ಅವನ ತಲೆಯ ಮೇಲೆ ಗಾಜು ಹಾಕಿಸಿದ ಸರ್ಟಿಫಿಕೇಟು. ನನಗೆ ನಂಜುಂಡ ಚಿಕ್ಕಪ್ಪ ನೆನಪಾದರು.

ಎಪ್ಪತ್ತರ ದಶಕ. ಚಿಕ್ಕಪ್ಪ ಸಾಹುಕಾರರೊಬ್ಬರ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದರು. ಪಕ್ಕದ ಗೋಡೆಗೇ ಗರಡಿ ಮನೆ. ಬೆಳಿಗ್ಗೆ ಅಲ್ಲಿ ಚಿಕ್ಕಪ್ಪನ ಸಾಮು. ಎಣಿಸುವ ಕೆಲಸ ಗೋಡೆಯಾಚೆ ಮಗ್ಗದಲ್ಲಿ ಓಡುವ ಲಾಳಿಯದು. ಅದು ನಾಲ್ಕು ಸಲ ಓಡುವಷ್ಟರಲ್ಲಿ ಕೆಳಗೆ, ಮತ್ತೆ ನಾಲ್ಕಕ್ಕೆ ಮೇಲೆ. ಕರೆಂಟು ಹೋದರೆ ಗರಡಿಯ ಗಂಡಸರೆಲ್ಲ ಅರ್ಧ ದಂಡದಲ್ಲೇ ಹಲ್ಲಿಗಳಂತೆ ನೆಲಕ್ಕೆ ಅಂಟಿಕೊಂಡಿರುತ್ತಿದ್ದರು. "ಜೀವನ ಪೂರ್ತಿ ಈ ಕಟಕಟ ಕೇಳ್ಕೊಂಡಿರಕ್ಕಾಗಲ್ಲ ಅತ್ಗೆ. ಹೆಂಗಾದ್ರೂ ಮಗ್ಗ ಬಿಡ್ತೀನಿ" ಎಂದು ಚಿಕ್ಕಪ್ಪ ಅಮ್ಮನ ಬಳಿ ಹೇಳುತ್ತಿದ್ದರು.

ದಾರಿ ತೋರಿಸಿದ್ದು ಸಾಹುಕಾರರ ಹೊಟ್ಟೆ. ಅದನ್ನು ಇಳಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ್ದರು. ಚಿಕ್ಕಪ್ಪ ಸಾಮು ಹೇಳಿಕೊಡಲು ಮುಂದಾದರು.

"ನಿನ್ಹತ್ರ ಸರ್ಟಿಫಿಕೇಟ್ ಎಲ್ಲೈತ್ಲಾ? ನಾಳೆ ನನ್ ಸೊಂಟ ಉಳುಕಿದ್ರೆ ಯಾರನ್ನ ಕೇಳ್ಲಿ?" ಎಂದರು ಸಾಹುಕಾರರು. ತಂದರೆ ಮಗ್ಗದಿಂದ ಬಿಡುಗಡೆ. ಊರಿನ ಮಿಕ್ಕ ಮಾಲೀಕರ ಹೊಟ್ಟೆಗಳನ್ನೂ ಅವರೇ ಒಪ್ಪಿಸುತ್ತಾರಂತೆ.

ಗರಡಿಯ ಗೆಳೆಯರು ಸುಮ್ಮನಿರಲಿಲ್ಲ. "ಬಸ್ಕಿಗೂ ಪರೀಕ್ಷೇನಾ ಗುರು? ಹಂಗೇ ಮುದ್ದೆ ನುಂಗೋಕೂ ಒಂದು ಬರ್ಸ್ಕೊಂಡ್ಬಾ!"

ಚಿಕ್ಕಪ್ಪ ಭಾನುವಾರಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ವ್ಯಾಯಾಮ ಶಿಕ್ಷಕರ ಪಾಠ ಕಲಿತರು. ಬೆಳಿಗ್ಗೆ ಸಾಹುಕಾರರೂ ಗರಡಿಗೆ ಬಂದು ಮಗ್ಗದ ಸದ್ದಿಗೆ ಏಳುವುದು ಕೂರುವುದು ರೂಢಿಯಾಯಿತು. ಚಿಕ್ಕಪ್ಪನ ಪಾಠದ ದೆಸೆಯಿಂದ ಅಜ್ಜಿಯ ಸೊಂಟದ ಮೂಳೆಗೆ ಇಂಗ್ಲಿಷ್ ಹೆಸರು ಬಂತು. ಅಜ್ಜಿಯ ನೋವು ಕಡಿಮೆಯಾಗಲಿಲ್ಲ, ಆ ಮೂಳೆಯ ಬಗ್ಗೆ ಗೌರವ ಹೆಚ್ಚಿತು.

ಪರೀಕ್ಷೆಗೆ ಸ್ವಂತ ಶಿಷ್ಯನನ್ನು ಕರೆತರಬೇಕಿತ್ತು. ಸಾಹುಕಾರರು ಚಡ್ಡಿಗೆ ಇಸ್ತ್ರಿ ಮಾಡಿಸಿಕೊಂಡು ಹೊರಟರು. ಬೆಂಗಳೂರಿನಲ್ಲಿ ಪರೀಕ್ಷೆಯ ಮೈದಾನ ನಿಶ್ಶಬ್ದವಾಗಿತ್ತು. ಪರೀಕ್ಷಕರು ಶುರುಮಾಡಿ ಎಂದರು. ಸಾಹುಕಾರರು ಅರ್ಧ ಬಗ್ಗಿದರು. ಅಲ್ಲೇ ಉಳಿದರು.

"ಏಳಿ ಯಜಮಾನ್ರೇ" ಎಂದರು ಚಿಕ್ಕಪ್ಪ.

"ಸದ್ದೆಲ್ಲೋ?"

ಚಿಕ್ಕಪ್ಪ ಒಂದು, ಎರಡು ಎಂದು ಎಣಿಸಲು ಹೋದರೆ ಅವರಿಗೇ ಲಯ ಸಿಗಲಿಲ್ಲ. ಸಾಹುಕಾರರ ಕಾಲು ನಡುಗತೊಡಗಿತ್ತು. ಕೊನೆಗೆ ಚಿಕ್ಕಪ್ಪ ಕಣ್ಣು ಮುಚ್ಚಿ, ಬಾಯಿಂದಲೇ ಶುರುಮಾಡಿದರು: ಕಟಕ್, ಕಟಕ್, ಕಟಕ್, ಕಟಕ್. ಸಾಹುಕಾರರು ಎದ್ದರು.

ನಾನು ಅಲ್ಲಿರಲಿಲ್ಲ. ಇದನ್ನು ಸಾಹುಕಾರರು ಊರಿಗೆಲ್ಲ ಹೇಳಿದ್ದನ್ನು ಕೇಳಿದ್ದು. ಆದರೂ ಆ ಮೈದಾನದ ಹುಲ್ಲು ಕಂದಿತ್ತು ಎಂದು ನನ್ನ ನೆನಪು ಆಣೆ ಮಾಡುತ್ತದೆ.

ಚಿಕ್ಕಪ್ಪ ಪಾಸಾದರು. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು. ಅಜ್ಜಿ ಅಭ್ಯಾಸಬಲದಿಂದ ಅದಕ್ಕೂ ಕುಂಕುಮವಿಟ್ಟರು. ಮರುದಿನ ಚಿಕ್ಕಪ್ಪ ಕೊರಳಿಗೆ ಸೀಟಿ ಹಾಕಿಕೊಂಡು ಕಾದರು. ಸಾಹುಕಾರರು ಬರಲಿಲ್ಲ. ಹುಡುಕಿಕೊಂಡು ಹೋದರೆ ಮಸಾಲೆ ದೋಸೆಯ ಮುಂದೆ ಕೂತಿದ್ದರು.

"ಪಾಸಾಯ್ತಲ್ಲೋ, ಇನ್ಯಾಕೋ ಬಸ್ಕಿ? ಪರೀಕ್ಷೆಲಿ ಹೊಡ್ದಿದ್ದು ನಾನೇ ತಾನೆ?"

"ಮಿಕ್ಕ ಮಾಲೀಕರು, ಯಜಮಾನ್ರೇ?"

"ನನ್ ಹೊಟ್ಟೆ ನೋಡಿ ಯಾರ್ಲಾ ಬತ್ತಾರೆ? ಹೋಗು, ಕೊನೇ ಮಗ್ಗದಲ್ಲಿ ದಾರ ಕಿತ್ತೈತೆ."

ಚಿಕ್ಕಪ್ಪ ಹೋಗಿ ದಾರ ಕಟ್ಟಿದರು. ಮುದುಕರಾಗುವವರೆಗೂ ಕಟ್ಟಿದರು.

ನೀವೂ ನಗುತ್ತಿದ್ದೀರಿ. ನಾನೂ ಇಷ್ಟು ವರ್ಷ ಇದನ್ನು ಮದುವೆ ಮನೆಗಳಲ್ಲಿ ಹೇಳಿ ನಗಿಸಿದವಳೇ. ಆದರೆ ಜಿಮ್ಮಿನಲ್ಲಿ ಹಾಗೆ ನಡುವೆ ಸಿಕ್ಕಿಕೊಂಡ ಮೇಲೆ ನಗು ಸಲೀಸಾಗಿ ಬರುತ್ತಿಲ್ಲ. ಅವತ್ತು ಸಂಜೆಯೇ ಚಿಕ್ಕಪ್ಪನ ಮನೆಗೆ ಹೋದೆ. ಎಂಬತ್ತು ದಾಟಿದ್ದಾರೆ, ಸುತ್ತ ಮಗ್ಗಗಳಿಲ್ಲ. ನನ್ನ ಬಸ್ಕಿಯ ಕಥೆ ಕೇಳುತ್ತ ಅವರ ಬೆರಳು ಕುರ್ಚಿಯ ಕೈಯನ್ನು ಬಡಿಯುತ್ತಿತ್ತು, ನಾಲ್ಕು, ಮತ್ತೆ ನಾಲ್ಕು.

"ಚಿಕ್ಕಪ್ಪ, ಆ ಸದ್ದು ಬೇಡ ಅಂತಾನೇ ಹೊರಟಿದ್ರಲ್ಲ. ಅವತ್ತು ಅದನ್ನೇ ಬಾಯಲ್ಲಿ ಮಾಡ್ಬೇಕಾದ್ರೆ ನಿಮಗೆ ಏನನ್ನಿಸ್ತು?"

ಬೆರಳು ಮೇಲೆದ್ದದ್ದು ಇಳಿಯಲಿಲ್ಲ.